ಲೇಕ್ ವ್ಯೂ ಮಾರಿದವರು ಹೋದರು, ಏರಿ ಈಗ ಯಾರದ್ದು?

ಓದುಗರ ಪ್ರಶ್ನೆ, ನಿವೃತ್ತ ನೀರಾವರಿ ಎಂಜಿನಿಯರ್ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಸಂಗತಿಯವು. ಫಾರ್ಮ್ ಪ್ಲಾಟ್, ರೆಸಾರ್ಟ್, ಹೋಂಸ್ಟೇ ಮಾಡುವವರು ಹಳ್ಳಕ್ಕೆ ಅಡ್ಡ ಏರಿ ಹಾಕಿ ನೀರು ನಿಲ್ಲಿಸುತ್ತಾರೆ, ಬೋಟು ಬಿಡುತ್ತಾರೆ, ಫೋಟೊ ಹಾಕುತ್ತಾರೆ, ಆಮೇಲೆ ಒಂದು ಜೋರು ಮಳೆ ಬಂದ ರಾತ್ರಿ ಮೇಲಿನವರಿಗೂ ಕೆಳಗಿನವರಿಗೂ ನಿದ್ದೆ ಇಲ್ಲ. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ. ಪತ್ರ ಬರೆದವರ ಹೆಸರು, ಲೇಔಟ್ ಹೆಸರು ಬೇಕೆಂದೇ ತೆಗೆದಿದ್ದೇವೆ.

ಪ್ರಶ್ನೆ: ಸರ್, ನಂದಿ ಬೆಟ್ಟದ ತಪ್ಪಲಲ್ಲಿ ನಾವು ಸುಮಾರು ನಲವತ್ತು ಕುಟುಂಬದವರು ಫಾರ್ಮ್ ಪ್ಲಾಟ್ ತೆಗೆದುಕೊಂಡಿದ್ದೇವೆ. ಬ್ರೋಷರ್‌ನಲ್ಲಿ 'ಪ್ರೈವೇಟ್ ಲೇಕ್' ಅಂತ ಇತ್ತು. ಡೆವಲಪರ್ 30 ಅಡಿ ಎತ್ತರದ ಮಣ್ಣಿನ ಏರಿ ಹಾಕಿ, ಮೇಲೆ ವಾಕಿಂಗ್ ದಾರಿ, ದೀಪ ಎಲ್ಲ ಮಾಡಿಕೊಟ್ಟಿದ್ದಾರೆ. ನೀರು ನಿಲ್ಲುವ ಜಾಗ ಆರು ಎಕರೆ. ಹೆಚ್ಚಿನ ನೀರು ಹೋಗಲಿಕ್ಕೆ ಎರಡು ಅಡಿ ಅಗಲದ ಒಂದು ಸಿಮೆಂಟ್ ಪೈಪ್ ಇದೆ. ಕಳೆದ ಹಿಂಗಾರಿನಲ್ಲಿ ನೀರು ಏರಿಯ ತಲೆಗೆ ಒಂದೇ ಅಡಿ ಬಾಕಿ ಇರುವಷ್ಟು ಬಂತು. ಈಗ ಏರಿಯ ಹಿಂಬದಿ ಬುಡದಲ್ಲಿ ಒಂದು ಕಡೆ ಸದಾ ಒದ್ದೆ. ಡೆವಲಪರ್ 'ಅಸೋಸಿಯೇಷನ್‌ಗೆ ಒಪ್ಪಿಸಿ ಆಯಿತು' ಅನ್ನುತ್ತಾರೆ. ಅಸೋಸಿಯೇಷನ್‌ನವರು 'ಕೆರೆ ಯಾರ ಕ್ರಯಪತ್ರದಲ್ಲೂ ಇಲ್ಲ, ನಮಗೆ ಸಂಬಂಧವಿಲ್ಲ' ಅನ್ನುತ್ತಾರೆ. ಕೆಳಗೆ ಒಂದು ಹಳ್ಳಿ, ಕೋಳಿ ಫಾರಂ ಇದೆ. ಯಾರು ಜವಾಬ್ದಾರರು? ಇದಕ್ಕೆ ಸರ್ಕಾರದ ಅಣೆಕಟ್ಟು ಕಾನೂನು ಅನ್ವಯಿಸುತ್ತದೆಯೇ?
— ಪ್ಲಾಟ್ ಮಾಲೀಕರೊಬ್ಬರು, ಚಿಕ್ಕಬಳ್ಳಾಪುರ ತಾಲ್ಲೂಕು

ಉತ್ತರ: ಮೊದಲು ಆ ಒದ್ದೆ ಜಾಗ ನೋಡೋಣ, ಮಾಲೀಕರು ಯಾರು ಅನ್ನೋದು ಆಮೇಲೆ. ಮಣ್ಣಿನ ಏರಿ ಅಂದಮೇಲೆ ಸ್ವಲ್ಪ ಜಿನುಗುವುದು ಸಹಜ, ಹಳೇ ಕೆರೆಗಳ ಹಿಂದೆ ತೋಟ ಹಸಿರಾಗಿ ಇರುವುದು ಅದರಿಂದಲೇ. ಆದರೆ ಜಿನುಗುವ ನೀರಿನ ಬಣ್ಣ ನೋಡಬೇಕು. ಒಂದು ಗಾಜಿನ ಲೋಟದಲ್ಲಿ ಹಿಡಿದು ಅರ್ಧ ಗಂಟೆ ಇಡಿ. ತಿಳಿಯಾಗಿದ್ದರೆ ಅಳತೆ ಶುರು ಮಾಡಿ: ನೀರನ್ನು ಸಣ್ಣ ಕಾಲುವೆಯಲ್ಲಿ ಒಂದು ಕಡೆ ಸೇರಿಸಿ, ಬಕೆಟ್ ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ವಾರಕ್ಕೊಮ್ಮೆ ಬರೆದಿಡಿ, ಅವತ್ತಿನ ಕೆರೆ ಮಟ್ಟವನ್ನೂ ಪಕ್ಕದಲ್ಲೇ ಬರೆಯಿರಿ. ಕೆರೆ ಮಟ್ಟ ಏರದೇ ಜಿನುಗು ಮಾತ್ರ ಜಾಸ್ತಿ ಆಗುತ್ತಿದ್ದರೆ ಅದು ಕೆಟ್ಟ ಲಕ್ಷಣ. ಲೋಟದ ತಳದಲ್ಲಿ ಮಣ್ಣು ಕೂತರೆ ಇನ್ನೂ ಕೆಟ್ಟದ್ದು. ಏರಿಯ ಹೊಟ್ಟೆಯೊಳಗಿನ ಮಣ್ಣು ಕಣ ಕಣವಾಗಿ ಆಚೆ ಹೋಗುತ್ತಿದೆ ಅಂತ ಅರ್ಥ. ಒಳಗೆ ಕೊಳವೆಯ ಹಾಗೆ ದಾರಿ ಬೀಳುತ್ತದೆ, ಅದು ಕೆರೆ ಕಡೆಗೆ ಬೆಳೆಯುತ್ತಾ ಹೋಗುತ್ತದೆ, ನೀರು ಮುಟ್ಟಿದ ದಿನ ಕೆಲವೇ ಗಂಟೆಗಳಲ್ಲಿ ಏರಿ ಹೋಗುತ್ತದೆ.

ಇಂಥ ಹೊತ್ತಿನಲ್ಲಿ ನಮ್ಮವರು ಮಾಡುವ ಕೆಲಸ ಗೊತ್ತಲ್ಲ, ನೀರು ಬರುವ ಬಾಯಿಗೆ ಸಿಮೆಂಟ್ ಮೆತ್ತುವುದು, ಜೇಡಿಮಣ್ಣು ತುರುಕುವುದು. ದಯವಿಟ್ಟು ಬೇಡ. ಹಿಂಬದಿಯಲ್ಲಿ ಬಾಯಿ ಮುಚ್ಚಿದರೆ ನೀರು ಒಳಗೇ ಒತ್ತಿ ಇನ್ನೊಂದು ಕಡೆ ಒಡೆದುಕೊಳ್ಳುತ್ತದೆ. ಅಲ್ಲಿ ಮೊದಲು ದಪ್ಪ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಜಲ್ಲಿ, ಕೊನೆಗೆ ಭಾರಕ್ಕೆ ಕಲ್ಲು ಹಾಕಬೇಕು. ನೀರು ಹೋಗಲಿ, ಮಣ್ಣು ನಿಲ್ಲಲಿ ಅನ್ನೋದು ಲೆಕ್ಕ. ಜೊತೆಗೆ ಕೆರೆಯ ಮಟ್ಟ ಇಳಿಸಿ. ತೂಬು, ಅಂದರೆ ಕೆರೆಯ ನೀರು ಬೇಕಾದಾಗ ಹೊರಬಿಡುವ ಕಂಡಿ, ಇಟ್ಟಿಲ್ಲ ಅಂತ ಕಾಣುತ್ತದೆ (ಇಟ್ಟಿದ್ದರೆ ನೀವು ಬರೆಯುತ್ತಿದ್ದಿರಿ), ಹಾಗಾಗಿ ಪಂಪು ಇಲ್ಲವೇ ಏರಿ ಮೇಲಿಂದ ಸೈಫನ್ ಪೈಪು ಹಾಕಿ. ದಿನಕ್ಕೆ ಒಂದು ಅಡಿಗಿಂತ ವೇಗವಾಗಿ ಇಳಿಸಬೇಡಿ. ಒಮ್ಮೆಲೇ ನೀರು ಇಳಿದರೆ ಒಳಮೈಯ ನೆಂದ ಮಣ್ಣು ಜಾರಿಬಿಡುತ್ತದೆ. ಕೆಳಗಿನ ಹಳ್ಳಿಯವರಿಗೂ ಪಂಚಾಯ್ತಿಗೂ ಇವತ್ತೇ ಹೇಳಿ, ಮರ್ಯಾದೆ ಪ್ರಶ್ನೆ ಮಾಡಿಕೊಳ್ಳಬೇಡಿ. ಕೆಂಪು ನೀರು ರಭಸವಾಗಿ ಬರತೊಡಗಿದರೆ ಅಥವಾ ಏರಿ ಮೇಲೆ ಗುಂಡಿ ಬಿದ್ದರೆ ಮರಳು, ಜಲ್ಲಿ ಎಲ್ಲ ಬಿಟ್ಟು 112ಕ್ಕೆ ಫೋನ್ ಮಾಡಿ, ಕೆಳಗಿನ ಮನೆಗಳನ್ನು ಖಾಲಿ ಮಾಡಿಸಿ.

ಇನ್ನು ಆ ಎರಡಡಿ ಪೈಪು. ಬ್ರೋಷರ್ ಬರೆದವರು ಮಳೆಯ ಲೆಕ್ಕ ಹಾಕಿದ ಹಾಗಿಲ್ಲ. ನಿಮ್ಮ ಕೆರೆಗೆ ಎಷ್ಟು ನೆಲದ ನೀರು ಬರುತ್ತದೆ ಅಂತ ನೀವು ಬರೆದಿಲ್ಲ. ಒಂದು ಚದರ ಕಿಲೋಮೀಟರ್, ಅಂದರೆ ಸುಮಾರು 250 ಎಕರೆ ಅಂತ ಇಟ್ಟುಕೊಳ್ಳಿ, ಬೆಟ್ಟದ ಬುಡದಲ್ಲಿ ಅದೇನು ಜಾಸ್ತಿ ಅಲ್ಲ. ಗಂಟೆಗೆ 50 ಮಿಲಿಮೀಟರ್ ಮಳೆ ಹೊಡೆದು ಅದರಲ್ಲಿ ಅರ್ಧ ನೆಲಕ್ಕಿಳಿಯಿತು, ಅರ್ಧ ಹರಿಯಿತು ಅಂದರೂ ಸೆಕೆಂಡಿಗೆ 7 ಘನ ಮೀಟರ್ ಹತ್ತಿರ ನೀರು ಬರುತ್ತದೆ, 7 ಸಾವಿರ ಲೀಟರ್. ನಿಮ್ಮ ಪೈಪು ಚೆನ್ನಾಗಿ ಹರಿದರೂ ಸೆಕೆಂಡಿಗೆ ಒಂದು ಘನ ಮೀಟರ್ ಸಾಗಿಸುವುದು ಕಷ್ಟ. ಉಳಿದದ್ದು ಎಲ್ಲಿಗೆ ಹೋಗಬೇಕು? ಏರಿ ಮೇಲಿಂದ. ಕಾಂಕ್ರೀಟ್ ಕಟ್ಟೆಯಾದರೆ ಮೇಲಿಂದ ಹರಿದರೂ ತಡೆದೀತು. ಮಣ್ಣಿನ ಏರಿಯ ಮೇಲೆ ನೀರು ಹತ್ತಿದರೆ ಹಿಂಬದಿ ಕೊರೆದುಕೊಂಡು ಹೋಗುತ್ತದೆ, ನಿಮ್ಮ ವಾಕಿಂಗ್ ದಾರಿ ದೀಪ ಸಮೇತ. ಅಷ್ಟು ನೀರಿಗೆ ಬೇಕಾದದ್ದು ಸರಿಯಾದ ಕೋಡಿ, ಅಂದರೆ ತುಂಬಿದ ಕೆರೆಯ ಹೆಚ್ಚುವರಿ ನೀರು ಹೊರಹೋಗುವ ದಾರಿ: ಸುಮಾರು 30 ಅಡಿ ಉದ್ದ, ಅದರ ಮೇಲೆ ಎರಡು ಅಡಿ ನೀರು ಹರಿಯುವಂತೆ, ಹಾಗೆ ಹರಿಯುವಾಗಲೂ ಏರಿಯ ತಲೆ ಇನ್ನೂ ಮೂರು ಅಡಿ ಮೇಲಿರುವಂತೆ. ಕೋಡಿಯನ್ನು ಏರಿಯ ಮೇಲೆ ಅಲ್ಲ, ಪಕ್ಕದ ಗಟ್ಟಿ ನೆಲದಲ್ಲಿ ಕಟ್ಟಬೇಕು. ನಮ್ಮ ಭಾಗದ ಹಳೇ ಕೆರೆಗಳಲ್ಲಿ ಕೋಡಿ ಯಾವಾಗಲೂ ಬಂಡೆ ಇರುವ ಮೂಲೆಯಲ್ಲೇ ಇರುತ್ತದೆ, ಗಮನಿಸಿ. 2021ರ ನವೆಂಬರ್ ಮಳೆ ನೆನಪಿದೆ ಅಲ್ವಾ? ಎಷ್ಟೋ ವರ್ಷ ಒಣಗಿದ್ದ ಕೋಲಾರ, ಚಿಕ್ಕಬಳ್ಳಾಪುರದ ಕೆರೆಗಳು ಸಾಲು ಸಾಲಾಗಿ ಕೋಡಿ ಹೋದವು. ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಮಳೆಯ ಬರದ ಸೀಮೆ ಅಂತ ಕೋಡಿ ಚಿಕ್ಕದು ಮಾಡಿದರೆ ಹೀಗೇ ಆಗುವುದು. ಇಲ್ಲಿ ವರ್ಷದ ಮಳೆ ಕಡಿಮೆ, ಬಂದ ದಿನ ಕಡಿಮೆ ಏನಲ್ಲ.

ಕಾನೂನು ಕೇಳಿದ್ದೀರಿ. ಅಣೆಕಟ್ಟು ಸುರಕ್ಷತಾ ಕಾಯ್ದೆ 2021ರ ಡಿಸೆಂಬರ್ 30ರಿಂದ ಜಾರಿಯಲ್ಲಿದೆ. ಅದು ಸರ್ಕಾರಿ ಅಣೆಕಟ್ಟಿಗಷ್ಟೇ ಅಲ್ಲ, ಖಾಸಗಿಯವರಿಗೂ ಅನ್ವಯ. ಮಾಲೀಕ ಅಂದರೆ ಕಾಗದದಲ್ಲಿ ಹೆಸರಿರುವವರು ಮಾತ್ರ ಅಂತ ಅದು ಹೇಳುವುದಿಲ್ಲ, ಹಿಡಿತದಲ್ಲಿ ಇಟ್ಟುಕೊಂಡವರು, ನಡೆಸುವವರು, ನಿರ್ವಹಿಸುವವರು ಎಲ್ಲ ಸೇರುತ್ತಾರೆ. ಆದರೆ 15 ಮೀಟರಿಗಿಂತ ಎತ್ತರದ ಅಣೆಕಟ್ಟಿಗೆ ಅದು ನೇರವಾಗಿ ಅನ್ವಯ, 10ರಿಂದ 15 ಮೀಟರ್ ಇದ್ದರೆ ಇನ್ನೊಂದು ಷರತ್ತೂ ಸೇರಬೇಕು, ಉದಾಹರಣೆಗೆ ಏರಿ 500 ಮೀಟರ್ ಉದ್ದ ಇರಬೇಕು ಅಥವಾ ಹತ್ತು ಲಕ್ಷ ಘನ ಮೀಟರ್ ನೀರು ಹಿಡಿಯಬೇಕು. ಎತ್ತರವನ್ನು ನೆಲದಿಂದ ಅಲ್ಲ, ಅಡಿಪಾಯದ ಅತಿ ತಗ್ಗಿನ ಜಾಗದಿಂದ ಅಳೆಯುತ್ತಾರೆ. ಹಾಗಾಗಿ ನಿಮ್ಮ 30 ಅಡಿ, ಅಂದರೆ 9 ಮೀಟರ್ ಚಿಲ್ಲರೆ, ಅಡಿಪಾಯ ಸೇರಿಸಿದರೆ 10 ದಾಟಿದರೂ ದಾಟೀತು. ಆದರೂ ನೀರಿನ ಪ್ರಮಾಣದಲ್ಲಿ ನೀವು ಬಹಳ ಕೆಳಗಿದ್ದೀರಿ. ಆರು ಎಕರೆ, ಸರಾಸರಿ ಹತ್ತು ಅಡಿ ಆಳ ಅಂದರೆ 74 ಸಾವಿರ ಘನ ಮೀಟರ್. ಕಾಯ್ದೆಯ ಪಟ್ಟಿಗೆ ನೀವು ಬರುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಅದು ಖುಷಿಪಡುವ ವಿಷಯ ಅಲ್ಲ ಸ್ವಾಮಿ. ಮುಂಗಾರಿಗೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಕಡ್ಡಾಯ ತಪಾಸಣೆ ಇರುವುದು ದೊಡ್ಡ ಅಣೆಕಟ್ಟುಗಳಿಗೆ. ನಿಮ್ಮದನ್ನು ನೋಡಲು ಯಾರೂ ಬರುವುದಿಲ್ಲ, ಅಷ್ಟೇ ಅದರ ಅರ್ಥ. 74 ಸಾವಿರ ಟನ್ ನೀರು ಕೋಳಿ ಫಾರಂ ಮೇಲೆ ಬಂದರೆ ಕಾಯ್ದೆಯಲ್ಲಿ ಇತ್ತೋ ಇಲ್ಲವೋ ಅಂತ ಯಾರೂ ಕೇಳುವುದಿಲ್ಲ. ಜೀವ ಹೋದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ, ನಿರ್ಲಕ್ಷ್ಯದಿಂದ ಸಾವು. ಆಸ್ತಿ ಹೋದರೆ ಸಿವಿಲ್ ಕೋರ್ಟ್.

ಹಾಗಾದರೆ ಏರಿ ಯಾರದ್ದು? ತಾಲ್ಲೂಕು ಕಚೇರಿಯಲ್ಲಿ ಗ್ರಾಮ ನಕ್ಷೆ, ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣದ ದಾಖಲೆ), ಸರ್ವೆ ಟಿಪ್ಪಣಿ ತೆಗೆಸಿ. ಮೊಬೈಲ್‌ನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಏರಿ ಮೇಲೆ ನಿಂತು ಸರ್ವೆ ನಂಬರ್ ನೋಡಿದರೂ ಅರ್ಧ ಕಥೆ ಗೊತ್ತಾಗುತ್ತದೆ. ಅಲ್ಲಿ ಹಳ್ಳ ಇತ್ತು, ಅದು ಬಿ ಖರಾಬು (ಸಾಗುವಳಿಗಲ್ಲ, ಸಾರ್ವಜನಿಕ ಬಳಕೆಗೆ ಬಿಟ್ಟ ನೆಲ) ಅಂತ ಇದ್ದರೆ, ಆ ಪಟ್ಟಿ ಸರ್ಕಾರದ್ದು. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 67ನೇ ಕಲಂ ಪ್ರಕಾರ ನದಿ, ಹಳ್ಳ, ಕೆರೆಗಳ ತಳವೂ ಹರಿಯುವ ನೀರೂ ಸರ್ಕಾರದವು. ಡೆವಲಪರ್ ಅದನ್ನು ಮಾರಲೂ ಆಗದು, ಅಸೋಸಿಯೇಷನ್‌ಗೆ 'ಒಪ್ಪಿಸಲೂ' ಆಗದು, ತನ್ನದಲ್ಲದ್ದನ್ನು ಹೇಗೆ ಒಪ್ಪಿಸುತ್ತಾರೆ? ಹಳ್ಳವೇ ಇರಲಿಲ್ಲ, ಬಯಲಿನ ಮಳೆನೀರು ಮಾತ್ರ ನಿಲ್ಲಿಸಿದ್ದು, ಜಮೀನು ಪೂರ್ತಿ ಹಿಡುವಳಿ, ಅಂದರೆ ಖಾಸಗಿಯವರದ್ದು, ಅನ್ನುವುದಾದರೆ, ಕ್ರಯಪತ್ರದಲ್ಲಿ ನಿಮಗೆ ಬರೆದುಕೊಡದೆ ಉಳಿದ ಜಾಗ ಇವತ್ತಿಗೂ ಡೆವಲಪರ್ ಹೆಸರಲ್ಲೇ ಪಹಣಿಯಲ್ಲಿರುತ್ತದೆ. ಎರಡರಲ್ಲಿ ಯಾವುದಾದರೂ, ಬೋಟಿನ ಕೀಲಿ ಯಾರ ಕೈಯಲ್ಲಿದೆ, ವಾಕಿಂಗ್ ದಾರಿಯ ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ, ಇದನ್ನು ಕೋರ್ಟು ಕೇಳಿಯೇ ಕೇಳುತ್ತದೆ. ಅನುಭವಿಸುವಾಗ ನಮ್ಮದು, ಒಡೆದಾಗ ನಮ್ಮದಲ್ಲ ಅನ್ನುವ ವಾದ ನಿಲ್ಲುವುದು ಕಷ್ಟ.

ಈಗ ಮಾಡಬೇಕಾದ್ದು: ಮಟ್ಟ ಇಳಿಸಿ ಇಳಿಸಿಯೇ ಇಡಿ. ಡೆವಲಪರ್‌ಗೆ ಲಾಯರ್ ನೋಟಿಸ್ ಕಳಿಸಿ, ತಹಶೀಲ್ದಾರ್‌ಗೂ ಸಣ್ಣ ನೀರಾವರಿ ಇಲಾಖೆಯ ಎಂಜಿನಿಯರ್‌ಗೂ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಹಳ್ಳದ ಜಾಗವಾದರೆ ನೀವೇ ಜೆಸಿಬಿ ತಂದು ಕೋಡಿ ತೋಡಲು ಹೋಗಬೇಡಿ, ಅನುಮತಿ ಬೇಕು. ಮತ್ತೆ, ಅಸೋಸಿಯೇಷನ್ ಒಬ್ಬ ನೀರುಗಂಟಿಯನ್ನು ಇಟ್ಟುಕೊಳ್ಳಲಿ. ಹಿಂದೆ ಪ್ರತಿ ಕೆರೆಗೂ ಒಬ್ಬ ಇರುತ್ತಿದ್ದ. ಮಳೆ ಬಂದ ರಾತ್ರಿ ಲಾಂದ್ರ ಹಿಡಿದು ಏರಿ ಮೇಲೆ ನಡೆಯುವುದು ಅವನ ಕೆಲಸ, ಅದಕ್ಕೆ ಅಚ್ಚುಕಟ್ಟಿನ, ಅಂದರೆ ಕೆರೆ ನೀರು ಉಣ್ಣುವ ಜಮೀನಿನ, ರೈತರೆಲ್ಲ ಸೇರಿ ಕಾಳು ಅಳೆದು ಕೊಡುತ್ತಿದ್ದರು. ನಿಮ್ಮ ಲೇಔಟಿನಲ್ಲಿ ಗೇಟಿಗೆ ಸೆಕ್ಯುರಿಟಿಯವರು ಇದ್ದಾರೆ, ಗಾರ್ಡನ್‌ಗೆ ಮಾಲಿ ಇದ್ದಾನೆ. ಮೇಲೆ 74 ಸಾವಿರ ಟನ್ ಹಿಡಿದಿಟ್ಟ ಏರಿಗೆ ಯಾರಿದ್ದಾರೆ?

ಪ್ರಶ್ನೆ: ನಮ್ಮ ಹೋಂಸ್ಟೇ ಹಿಂದೆ ತಾತನ ಕಾಲದ ಒಂದು ಕಟ್ಟೆ ಇದೆ, ನಮ್ಮದೇ ಜಮೀನು. ಮೀನು ಬಿಟ್ಟಿದ್ದೇವೆ, ಗಾಳ ಹಾಕಲು ಬೆಂಗಳೂರಿನಿಂದ ಜನ ಬರುತ್ತಾರೆ. ಮೀನು ಕೊಚ್ಚಿಹೋಗಬಾರದು ಅಂತ ಕೋಡಿಗೆ ಕಬ್ಬಿಣದ ಜಾಲರಿ ಹಾಕಿ, ಬೇಸಿಗೆಗೂ ನೀರು ಸಿಗಲಿ ಅಂತ ಕೋಡಿ ಮೇಲೆ ಎರಡು ಅಡಿ ಕಲ್ಲು ಕಟ್ಟಿದ್ದೇವೆ. ಪಕ್ಕದ ಜಮೀನಿನವರು ಜಗಳಕ್ಕೆ ಬರುತ್ತಾರೆ. ನಮ್ಮ ಕಟ್ಟೆ, ನಮ್ಮ ಕೋಡಿ, ಇದರಲ್ಲಿ ತಪ್ಪೇನು?
— ಗುಬ್ಬಿ ತಾಲ್ಲೂಕು, ತುಮಕೂರು ಜಿಲ್ಲೆ

ಉತ್ತರ: ನೀವು ಮಾಡಿದ ಎರಡೂ ಕೆಲಸವನ್ನು ಅಮೆರಿಕದಲ್ಲಿ ದೊಡ್ಡ ದೊಡ್ಡ ಶ್ರೀಮಂತರು ಮಾಡಿದ್ದರು. ಕಥೆ ಸ್ವಲ್ಪ ಉದ್ದ, ಆದರೂ ಹೇಳುತ್ತೇನೆ.

ಪೆನ್ಸಿಲ್ವೇನಿಯಾದಲ್ಲಿ ಜಾನ್ಸ್‌ಟೌನ್ ಅಂತ ಒಂದು ಊರು. ಅದರಿಂದ 22 ಕಿಲೋಮೀಟರ್ ಮೇಲೆ ಸೌತ್ ಫೋರ್ಕ್ ಅನ್ನುವ ಮಣ್ಣಿನ ಅಣೆಕಟ್ಟು, 72 ಅಡಿ ಎತ್ತರ. ಮೂಲತಃ ಸರ್ಕಾರ ದೋಣಿ ಕಾಲುವೆಗೆ ನೀರು ಕೊಡಲು ಕಟ್ಟಿದ್ದು. ರೈಲು ಬಂತು, ಕಾಲುವೆ ಬೇಡವಾಯಿತು, ಅಣೆಕಟ್ಟು ಕೈಯಿಂದ ಕೈಗೆ ಮಾರಾಟವಾಗುತ್ತಾ ಹೋಯಿತು. ನಡುವೆ ಒಬ್ಬ ಮಾಲೀಕ ತೂಬಿನ ಕಬ್ಬಿಣದ ಪೈಪುಗಳನ್ನು ಕಿತ್ತು ಗುಜರಿಗೆ ಹಾಕಿದ. ಅಲ್ಲಿಗೆ ಕೆರೆ ಖಾಲಿ ಮಾಡುವ ದಾರಿಯೇ ಹೋಯಿತು. 1879ರಲ್ಲಿ ಸೌತ್ ಫೋರ್ಕ್ ಫಿಶಿಂಗ್ ಅಂಡ್ ಹಂಟಿಂಗ್ ಕ್ಲಬ್ ಕೊಂಡುಕೊಂಡಿತು, ಸದಸ್ಯರಲ್ಲಿ ಉಕ್ಕಿನ ಸಾಹುಕಾರ ಆಂಡ್ರ್ಯೂ ಕಾರ್ನೆಗಿ, ಹೆನ್ರಿ ಫ್ರಿಕ್ ಅಂಥವರು. ಬೇಸಿಗೆಗೆ ಬಂದು ಮೀನು ಹಿಡಿಯುವ ಕ್ಲಬ್. ಗಾಡಿ ಓಡಾಡಲು ಅಗಲ ಬೇಕು ಅಂತ ಏರಿಯ ತಲೆಯನ್ನು ಕೆಲವು ಅಡಿ ತಗ್ಗಿಸಿದರು. ನೀವು ಕೋಡಿ ಏರಿಸಿದ್ದೂ ಲೆಕ್ಕಕ್ಕೆ ಅದೇ, ಕೋಡಿಗೂ ಏರಿಯ ತಲೆಗೂ ನಡುವಿನ ಅಂತರ ಕಡಿಮೆಯಾಯಿತು. ಮೀನು ಹೋಗಬಾರದು ಅಂತ ಕೋಡಿಗೆ ಜಾಲರಿ ಹಾಕಿದರು. 1889ರ ಮೇ 31, ಹಿಂದಿನ ರಾತ್ರಿಯೆಲ್ಲ ಮಳೆ. ಕೊಂಬೆ, ಕಸ ಎಲ್ಲ ಬಂದು ಜಾಲರಿಗೆ ಸಿಕ್ಕಿಕೊಂಡು ಕೋಡಿ ಮುಚ್ಚಿಹೋಯಿತು. ಜನ ಬಿಡಿಸಲು ನೋಡಿದರು, ಆಗಲಿಲ್ಲ. ಕೆಳಗೆ ತಂತಿ ಕಳಿಸಿದರು, 'ಅಣೆಕಟ್ಟು ಹೋಗುತ್ತದೆ ಅಂತ ಪ್ರತಿ ವರ್ಷ ಹೇಳುತ್ತಾರೆ' ಅಂತ ಊರಿನವರು ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಮಧ್ಯಾಹ್ನ ಏರಿ ಹೋಯಿತು. ಸತ್ತವರು 2,200ಕ್ಕೂ ಹೆಚ್ಚು.

ಆಮೇಲೆ ಕೋರ್ಟು. ಇದು ದೈವೇಚ್ಛೆ ಅಂದರು, ಕ್ಲಬ್‌ನಿಂದ ಸಂತ್ರಸ್ತರಿಗೆ ಪರಿಹಾರ ಅಂತ ಏನೂ ಸಿಗಲಿಲ್ಲ. ಕ್ಲಬ್ ಹೆಸರಲ್ಲಿ ಇದ್ದದ್ದೇ ಆ ಒಡೆದ ಕೆರೆ, ಒಂದಷ್ಟು ಕಟ್ಟಡ. ಸಾಹುಕಾರರ ಸ್ವಂತ ಆಸ್ತಿ ಮುಟ್ಟಲಾಗಲಿಲ್ಲ. ಜನರಿಗೆ ಎಷ್ಟು ಸಿಟ್ಟು ಬಂತು ಅಂದರೆ, ಅಲ್ಲಿಯವರೆಗೆ ಇಂಗ್ಲೆಂಡಿನ ಒಂದು ತೀರ್ಪನ್ನು ಒಪ್ಪದ ಅಮೆರಿಕದ ಹಲವು ಕೋರ್ಟುಗಳು ನಿಧಾನವಾಗಿ ಅದರ ಕಡೆ ತಿರುಗಿದವು. ಆ ತೀರ್ಪು 1868ರದ್ದು, ರೈಲ್ಯಾಂಡ್ಸ್ ಮತ್ತು ಫ್ಲೆಚರ್ ಅನ್ನುವವರ ನಡುವಿನದು. ಗಿರಣಿ ಮಾಲೀಕ ತನ್ನ ಜಾಗದಲ್ಲಿ ಕೆರೆ ಕಟ್ಟಿದ, ಕೆಳಗೆ ಹಳೇ ಗಣಿ ಸುರಂಗ ಇದ್ದದ್ದು ಅವನಿಗೆ ಗೊತ್ತಿರಲಿಲ್ಲ, ನೀರು ಅದರೊಳಗೆ ನುಗ್ಗಿ ಪಕ್ಕದವನ ಗಣಿ ಮುಳುಗಿತು. ತನ್ನ ಲಾಭಕ್ಕೆ ಅಪಾಯದ ವಸ್ತು ತಂದು ಕೂಡಿಟ್ಟವನು ಅದು ತಪ್ಪಿಸಿಕೊಂಡರೆ ನಷ್ಟ ಕಟ್ಟಬೇಕು, ಅವನ ತಪ್ಪಿದೆಯೋ ಇಲ್ಲವೋ ನೋಡಬೇಕಿಲ್ಲ ಅಂದಿತು ಕೋರ್ಟು. ನಮ್ಮ ದೇಶದ ಕೋರ್ಟುಗಳಲ್ಲೂ ಈ ತತ್ವ ನಡೆಯುತ್ತದೆ.

ಆದ್ದರಿಂದ ಕಲ್ಲು ಕೀಳಿಸಿ, ಮಳೆಗಾಲಕ್ಕೆ ಮುಂಚೆ. ಕೋಡಿ ಎರಡು ಅಡಿ ಏರಿಸಿದಾಗ ನೀವು ಎರಡು ಅಡಿ ನೀರು ಸಂಪಾದಿಸಲಿಲ್ಲ, ತಾತ ಬಿಟ್ಟಿದ್ದ ಎರಡು ಅಡಿ ರಕ್ಷಣೆ ತಿಂದಿರಿ. ಜಾಲರಿಯೂ ಹೋಗಲಿ. ಮೀನು ಬೇಕೇ ಬೇಕು ಅಂದರೆ ಮಳೆಗಾಲ ಕಳೆದ ಮೇಲೆ ಮರಿ ಬಿಡಿ, ನಾಲ್ಕು ಮೀನು ಹೋದರೆ ಹೋಗಲಿ ಬಿಡಿ. ಪಕ್ಕದವರ ಹತ್ತಿರ ಜಗಳ ಬೇಡ, ಅವರು ಪುಕ್ಕಟೆ ಎಂಜಿನಿಯರ್ ಕೆಲಸ ಮಾಡುತ್ತಿದ್ದಾರೆ.

ಪ್ರಶ್ನೆ: ನಮ್ಮೂರ ಕೆರೆಗೆ ಬರುವ ಹಳ್ಳಕ್ಕೆ ಮೇಲೆ ಒಂದು ರೆಸಾರ್ಟಿನವರು ಕಟ್ಟೆ ಹಾಕಿದ್ದಾರೆ. ಮಳೆ ಕಡಿಮೆ ಬಂದರೆ ನಮಗೆ ನೀರಿಲ್ಲ. ಜಾಸ್ತಿ ಬಂದರೆ ರಾತ್ರೋರಾತ್ರಿ ಗೇಟ್ ಎತ್ತಿ ನಮ್ಮ ಟೊಮೆಟೊ ತೋಟಕ್ಕೆ ಬಿಡುತ್ತಾರೆ. ಹುಡುಗರು 'ಹಾರೆ ತಗೊಂಡು ಹೋಗಿ ಒಡೆದುಹಾಕೋಣ' ಅನ್ನುತ್ತಿದ್ದಾರೆ. ಯಾರಿಗೆ ಅರ್ಜಿ ಕೊಡಬೇಕು?
— ಅಚ್ಚುಕಟ್ಟು ರೈತರು, ಮುಳಬಾಗಿಲು ತಾಲ್ಲೂಕು

ಉತ್ತರ: ಹುಡುಗರನ್ನು ಮೊದಲು ಕೂರಿಸಿ. ತುಂಬಿದ ಏರಿಗೆ ಹಾರೆ ಹಾಕಿದರೆ ಒಂದು ಅಡಿಯ ಕಂಡಿ ನೋಡನೋಡುತ್ತಿದ್ದಂತೆ ನಲವತ್ತು ಅಡಿ ಆಗುತ್ತದೆ, ಅವರೇ ಮೊದಲು ಕೊಚ್ಚಿಹೋಗುತ್ತಾರೆ, ಆಮೇಲೆ ನಿಮ್ಮ ತೋಟ, ಆಮೇಲೆ ನಿಮ್ಮ ಕೆರೆಯ ಏರಿ. ಮೇಲಿನದು ಒಡೆದರೆ ಕೆಳಗಿನದೂ ಹೋಗುವುದು ಸರಪಳಿ ಕೆರೆಗಳ ದೊಡ್ಡ ಅಪಾಯ. ಕೇಸು ಬೇರೆ.

ಅರ್ಜಿ ಎರಡು ಕಡೆ. ಹಳ್ಳ ಸರ್ಕಾರದ್ದು ಅನ್ನುವ ಕಾರಣಕ್ಕೆ ಒತ್ತುವರಿ ತೆರವಿಗೆ ತಹಶೀಲ್ದಾರ್‌ಗೆ, ಸರ್ವೆ ಮಾಡಿಸಿ ಅಂತ ಕೇಳಿ. ನಿಮ್ಮ ಕೆರೆಯ ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆ ಇದ್ದರೆ ಅದು ಪಂಚಾಯ್ತಿಯ ಕೈಯಲ್ಲಿ, 40ರಿಂದ 2,000 ಹೆಕ್ಟೇರ್ ಇದ್ದರೆ ಸಣ್ಣ ನೀರಾವರಿ ಇಲಾಖೆ. ಯಾರದೋ ಅವರೂ ನಿಮ್ಮ ಜೊತೆ ಅರ್ಜಿದಾರರಾಗಬೇಕು, ನೀರು ತಪ್ಪಿದ್ದು ಅವರ ಕೆರೆಗೆ. ಇನ್ನೊಂದು ಅರ್ಜಿ ಉಪವಿಭಾಗಾಧಿಕಾರಿಗೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಕೆಳಗೆ. ಹಳೇ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 133 ಅಂದರೆ ಲಾಯರುಗಳಿಗೆ ಬೇಗ ಗೊತ್ತಾಗುತ್ತದೆ. ಸಾರ್ವಜನಿಕರು ಬಳಸುವ ಕಾಲುವೆಗೆ ಅಡ್ಡಿ ಇದ್ದರೆ ತೆಗೆಸಲು, ಬಿದ್ದು ಅಪಾಯ ಮಾಡುವಂಥ ಕಟ್ಟಡವನ್ನು ರಿಪೇರಿ ಮಾಡಿಸಲು ಅಥವಾ ತೆಗೆಸಲು ಅದರಲ್ಲಿ ಆದೇಶ ಕೊಡಬಹುದು. ಸಿವಿಲ್ ದಾವೆಗಿಂತ ಬೇಗ. ಗೇಟ್ ಎತ್ತಿದ ರಾತ್ರಿಗಳ ಮೊಬೈಲ್ ವಿಡಿಯೊ, ಬೆಳೆ ನಷ್ಟದ ಫೋಟೊ ದಿನಾಂಕ ಸಮೇತ ಇಟ್ಟುಕೊಳ್ಳಿ.

ರೆಸಾರ್ಟಿನವರು 'ಹಿಂದಿನಿಂದಲೂ ಇಲ್ಲಿ ಕಟ್ಟೆ ಇತ್ತು' ಅಂತ ಹೇಳುವ ಸಾಧ್ಯತೆ ಇದೆ. ಅದಕ್ಕೆ ಬಲ ಇದೆ, ಸುಮ್ನೆ ತಳ್ಳಿಹಾಕಬೇಡಿ. ನಿಮ್ಮ ಗಡಿಯಾಚೆ ಚಿತ್ತೂರು ಜಿಲ್ಲೆಯ ಕಾರ್ವೇಟಿನಗರದ ಜಮೀನ್ದಾರರ ಕೆರೆಗಳು ದೊಡ್ಡ ಮಳೆಗೆ ಒಡೆದು ಮದ್ರಾಸ್ ರೈಲ್ವೆ ಹಾಳಾಗಿತ್ತು. ರೈಲ್ವೆ ಕಂಪನಿ ಹಿಂದಿನ ಉತ್ತರದಲ್ಲಿ ಹೇಳಿದ ಆ ಇಂಗ್ಲೆಂಡಿನ ತೀರ್ಪನ್ನೇ ಹಿಡಿದುಕೊಂಡು, ಆಗ ನಮ್ಮ ದೇಶಕ್ಕೆ ಕಟ್ಟಕಡೆಯ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. 1874ರಲ್ಲಿ ಕಂಪನಿ ಸೋತಿತು. ಈ ದೇಶದಲ್ಲಿ ಕೆರೆ ಅನ್ನೋದು ಒಬ್ಬರ ಸುಖಕ್ಕೆ ಕಟ್ಟಿದ್ದಲ್ಲ, ತಲೆತಲಾಂತರದಿಂದ ಜನರ ಬೇಸಾಯಕ್ಕೆ ಇರುವಂಥದ್ದು, ಅದನ್ನು ಕಾಪಾಡುವುದು ಜಮೀನ್ದಾರನ ಕರ್ತವ್ಯ, ಅವನ ನಿರ್ಲಕ್ಷ್ಯ ತೋರಿಸದೆ ನಷ್ಟ ಕೇಳುವಂತಿಲ್ಲ ಅಂದಿತು. ಅದನ್ನೇ ನೀವು ತಿರುಗಿಸಿ ಹಿಡಿಯಬಹುದು ನೋಡಿ. ಆ ರಿಯಾಯಿತಿ ಸಿಕ್ಕಿದ್ದು ಊರಿಗೆ ನೀರುಣಿಸುವ ಕೆರೆಗೆ. ಬೋಟಿಂಗ್‌ಗೆ ಹೊಸದಾಗಿ ಕಟ್ಟಿದ್ದಕ್ಕೆ ಅದೇ ರಿಯಾಯಿತಿ ಯಾಕೆ ಕೊಡಬೇಕು ಅಂತ ನಿಮ್ಮ ಲಾಯರ್ ಕೇಳಲಿ. ಕಟ್ಟೆ ಯಾವಾಗಿನದು ಅನ್ನುವುದಕ್ಕೆ ಹಳೇ ಗ್ರಾಮ ನಕ್ಷೆಯೂ ಗೂಗಲ್ ಅರ್ಥ್‌ನಲ್ಲಿ ವರ್ಷ ವರ್ಷದ ಚಿತ್ರಗಳೂ ಸಾಕ್ಷಿ ಹೇಳುತ್ತವೆ.

ಪ್ರಶ್ನೆ: ಬೇಸಿಗೆ ರಜೆಗೆ ಮೊಮ್ಮಕ್ಕಳು ಬರುತ್ತಾರೆ. ತೋಟದ ಕೃಷಿ ಹೊಂಡದಲ್ಲಿ ಈಜುತ್ತೇವೆ ಅಂತ ಹಟ. ಆಳ ಹತ್ತು ಅಡಿ, ಪ್ಲಾಸ್ಟಿಕ್ ಹಾಳೆ ಹಾಸಿದೆ. ಬಿಡಬಹುದಾ?
— ಒಬ್ಬ ಅಜ್ಜಿ, ಮಧುಗಿರಿ

ಉತ್ತರ: ಬೇಡವೇ ಬೇಡ ಅಮ್ಮ. ಆ ಹಾಳೆ ಪಾಚಿ ಹಿಡಿದ ಮೇಲೆ ಈಜು ಬಂದ ದೊಡ್ಡವರೂ ಹತ್ತಿ ಬರಲಾರರು. ನಮ್ಮ ಕಡೆ ಒಬ್ಬರನ್ನು ಎಳೆಯಲು ಇನ್ನೊಬ್ಬರು ಇಳಿದು ಇಬ್ಬರೂ ಹೋದ ಸುದ್ದಿ ಪ್ರತಿ ಬೇಸಿಗೆ ಬರುತ್ತದೆ. ಸುತ್ತ ಐದಡಿ ಬೇಲಿ ಹಾಕಿಸಿ, ಗೇಟಿಗೆ ಬೀಗ ಹಾಕಿ ಕೀಲಿ ನಿಮ್ಮ ಸೆರಗಿಗೆ ಕಟ್ಟಿಕೊಳ್ಳಿ. ನಾಲ್ಕೂ ಕಡೆ ಗಂಟು ಹಾಕಿದ ದಪ್ಪ ಹಗ್ಗ ನೀರಿನ ತಳದವರೆಗೆ ಇಳಿಬಿಡಿ, ಮೇಲೆ ಗೂಟಕ್ಕೆ ಗಟ್ಟಿಯಾಗಿ ಕಟ್ಟಿ. ಒಂದು ಲಾರಿ ಟ್ಯೂಬ್‌ಗೆ ಗಾಳಿ ತುಂಬಿ ಬೇಲಿಗೆ ನೇತುಹಾಕಿ. ಮಕ್ಕಳಿಗೆ ಸೊಂಟದುದ್ದದ ಸಿಮೆಂಟ್ ತೊಟ್ಟಿ ತುಂಬಿಸಿಕೊಡಿ, ಕುಣಿಯಲಿ.

ಪ್ರಶ್ನೆ: ಖಾಸಗಿ ಕೆರೆಯಲ್ಲಿ ಬೋಟಿಂಗ್ ನಡೆಸಲು ಗುತ್ತಿಗೆ ಕೊಟ್ಟಿದ್ದೇವೆ. ಏನಾದರೂ ಆದರೆ ಗುತ್ತಿಗೆದಾರರದೇ ಜವಾಬ್ದಾರಿ ಅಂತ ಬಾಂಡ್ ಪೇಪರ್‌ನಲ್ಲಿ ಬರೆಸಿದ್ದೇವೆ. ಸಾಕಲ್ವಾ?
— ಮಾಲೂರು

ಉತ್ತರ: ಸಾಲದು. ಆ ಬಾಂಡ್ ನಿಮಗೂ ಗುತ್ತಿಗೆದಾರರಿಗೂ ನಡುವಿನದು, ಸತ್ತವರ ಮನೆಯವರು ಅದಕ್ಕೆ ಸಹಿ ಹಾಕಿಲ್ಲ. 2024ರ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ ದೋಣಿ ಮಗುಚಿ 12 ಮಕ್ಕಳು, 2 ಶಿಕ್ಷಕಿಯರು ಹೋದರು. ಹಿಡಿಸುವುದಕ್ಕಿಂತ ಜಾಸ್ತಿ ಜನ ಹತ್ತಿಸಿದ್ದರು, ಎಲ್ಲರಿಗೂ ಲೈಫ್ ಜಾಕೆಟ್ ಇರಲಿಲ್ಲ. ಕೆರೆ ನಗರಪಾಲಿಕೆಯದು, ನಡೆಸುತ್ತಿದ್ದವರು ಗುತ್ತಿಗೆಯವರು. ಪ್ರಶ್ನೆಗಳು ಇಬ್ಬರನ್ನೂ ಹುಡುಕಿಕೊಂಡು ಬಂದವು. ಜಾಕೆಟ್ ಹಾಕದವರನ್ನು ಹತ್ತಿಸಬೇಡಿ, ಕೋಡಿಯಿಂದ ದೂರಕ್ಕೆ ತೇಲುವ ಹಗ್ಗ ಕಟ್ಟಿ ಬೋಟು ಆಚೆ ಹೋಗದಂತೆ ಮಾಡಿ, ಕೋಡಿ ಬಿದ್ದ ದಿನ ಬೋಟಿಂಗ್ ಬಂದ್. ಕೋಡಿಯ ಕೆಳಗೆ ನೀರು ಬಿದ್ದು ಮೇಲೆ ಹೊರಳುವ ಜಾಗದಲ್ಲಿ ಯಾರನ್ನೂ ಇಳಿಸಬೇಡಿ, ಮೊಣಕಾಲುದ್ದ ಕಂಡರೂ ಆ ಸುಳಿ ಒಳಗೇ ತಿರುಗಿಸಿಕೊಳ್ಳುತ್ತದೆ. ವಿಮೆ ಮಾಡಿಸಿ, ಪಾಲಿಸಿಯಲ್ಲಿ ಬೋಟಿಂಗ್ ಅನ್ನುವ ಶಬ್ದ ಇದೆಯಾ ಅಂತ ಓದಿ ನೋಡಿ.

ಪ್ರಶ್ನೆ: ಗೌರಿಬಿದನೂರು ಹತ್ತಿರ 12 ಎಕರೆ ತೋಟ ಮಾರಾಟಕ್ಕಿದೆ. 'ಸ್ವಂತ ಡ್ಯಾಮ್ ಇದೆ ಸಾರ್, ಅದಕ್ಕೇ ರೇಟು' ಅನ್ನುತ್ತಾರೆ ಬ್ರೋಕರ್. ತೆಗೆದುಕೊಳ್ಳಬಹುದಾ?
— ಬೆಂಗಳೂರಿನಿಂದ, ಮೂಲ ಬಾಗೇಪಲ್ಲಿ

ಉತ್ತರ: ಡ್ಯಾಮ್ ಇದ್ದರೆ ರೇಟು ಇಳಿಯಬೇಕು, ಏರಬಾರದು. ಅದು ಆಸ್ತಿಗಿಂತ ಹೆಚ್ಚಾಗಿ ಹೊಣೆ. ಅಮೆರಿಕದಲ್ಲಿ ಪಟ್ಟಿ ಮಾಡಿದ 90 ಸಾವಿರಕ್ಕೂ ಹೆಚ್ಚು ಅಣೆಕಟ್ಟುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಖಾಸಗಿಯವರದ್ದು, ಬಹಳಷ್ಟು ಬರೀ ವಿಹಾರಕ್ಕೆ ಇರುವಂಥವು. ಅದರ ತಲೆನೋವು ಅವರಿಗೆ ಚೆನ್ನಾಗಿ ಗೊತ್ತು. ಮಿಷಿಗನ್‌ನ ಎಡೆನ್‌ವಿಲ್ ಅಣೆಕಟ್ಟು ಒಂದು ಖಾಸಗಿ ಕಂಪನಿಯದ್ದು, ಮೇಲಿನ ಕೆರೆಯ ದಂಡೆ ತುಂಬ ಜನರ ಮನೆ, ಬೋಟು. ದೊಡ್ಡ ನೆರೆ ಬಂದರೆ ಕೋಡಿ ಸಾಲದು ಅಂತ ಕೇಂದ್ರದ ನಿಯಂತ್ರಕರು ವರ್ಷಗಟ್ಟಲೆ ಹೇಳಿ, ಕೊನೆಗೆ 2018ರಲ್ಲಿ ವಿದ್ಯುತ್ ಲೈಸೆನ್ಸ್ ರದ್ದು ಮಾಡಿದರು. ಲೈಸೆನ್ಸ್ ಹೋಯಿತು, ಅಣೆಕಟ್ಟು, ನೀರು ಎರಡೂ ಅಲ್ಲೇ ಉಳಿದವು. 2020ರ ಮೇ 19ರಂದು ಒಡೆಯಿತು, ಕೆಳಗಿನ ಸ್ಯಾನ್‌ಫರ್ಡ್ ಅಣೆಕಟ್ಟನ್ನೂ ಎಳೆದುಕೊಂಡು ಹೋಯಿತು. ಸುಮಾರು 10 ಸಾವಿರ ಜನರನ್ನು ಮೊದಲೇ ಬಿಡಿಸಿದ್ದರಿಂದ ಜೀವ ಹೋಗಲಿಲ್ಲ. ಕಂಪನಿ ದಿವಾಳಿ ಅರ್ಜಿ ಹಾಕಿತು. ಮತ್ತೆ ಕಟ್ಟಲು ಸರ್ಕಾರದ ಹಣದ ಜೊತೆಗೆ ಕೆರೆ ದಂಡೆಯ ಮನೆಯವರ ಮೇಲೂ ವಿಶೇಷ ವಂತಿಗೆ ಬಿತ್ತು.

ನೀವು ಕೊಳ್ಳುವ ಮುಂಚೆ ಏರಿಯ ಜಾಗ ಹಿಡುವಳಿಯೋ ಬಿ ಖರಾಬೋ, ಹಳ್ಳಕ್ಕೆ ಅಡ್ಡ ಕಟ್ಟಲು ಲಿಖಿತ ಅನುಮತಿ ಇದೆಯಾ, ಕಟ್ಟಿದವರ ನಕ್ಷೆ ಇದೆಯಾ ನೋಡಿ. ನಕ್ಷೆ ಇಲ್ಲದ ಏರಿಯೊಳಗೆ ಏನಿದೆ ಅಂತ ದೇವರಿಗೇ ಗೊತ್ತು, ಕೆಲವು ಕಡೆ ಕಟ್ಟಡದ ಡೆಬ್ರಿಸ್ ತುಂಬಿರುತ್ತಾರೆ. ತೂಬು ತೆರೆದು ತೋರಿಸಿ ಅನ್ನಿ. 'ತುಕ್ಕು ಹಿಡಿದಿದೆ, ತೆಗೆಯೋಕೆ ಆಗಲ್ಲ' ಅಂದರೆ ತೂಬು ಇಲ್ಲ ಅಂತಲೇ ಲೆಕ್ಕ. ಏರಿ ಕೆಳಗಿನ ಊರಿಗೆ ಹೋಗಿ ಟೀ ಅಂಗಡಿಯಲ್ಲಿ ಹತ್ತು ನಿಮಿಷ ಕೂತು ವಿಚಾರಿಸಿ, ಬ್ರೋಕರ್ ಹೇಳದ್ದೆಲ್ಲ ಅಲ್ಲಿ ಹೇಳುತ್ತಾರೆ. ಹಳ್ಳದ ಜಾಗ ಅಂತ ಗೊತ್ತಾದರೆ ಬಿಟ್ಟುಬಿಡಿ. ಹಿಡುವಳಿ ಅಂತ ಖಾತ್ರಿಯಾದರೆ ಏರಿ ತಗ್ಗಿಸಿ ಸಣ್ಣ ಕುಂಟೆ ಮಾಡುವ ಖರ್ಚನ್ನು ಬೆಲೆಯಲ್ಲಿ ಕಳೆದು ಕೇಳಿ.

ಪ್ರಶ್ನೆ: ಏರಿ ಮೇಲೆ ತೆಂಗು ಹಾಕಿದರೆ ಮಣ್ಣು ಗಟ್ಟಿಯಾಗುತ್ತದೆ ಅನ್ನುತ್ತಾರೆ, ನಿಜವಾ?
— ಶ್ರೀನಿವಾಸಪುರ

ಉತ್ತರ: ಇಲ್ಲ. ಗಾಳಿಗೆ ಮರ ಬಿದ್ದರೆ ಬುಡದ ಮಣ್ಣನ್ನೂ ಕಿತ್ತುಕೊಂಡೇ ಬೀಳುತ್ತದೆ, ಸತ್ತರೆ ಬೇರು ಕೊಳೆತು ಒಳಗೆ ಟೊಳ್ಳು ದಾರಿ ಉಳಿಯುತ್ತದೆ. ಗೆದ್ದಲು, ಹೆಗ್ಗಣ ಬರುವುದೂ ಅಲ್ಲಿಗೇ. ಏರಿಗೆ ಗರಿಕೆ ಸಾಕು, ಹಸು ಮೇಯಿಸಬೇಡಿ, ಕೊಯ್ದು ಹಾಕಿ. ಈಗಾಗಲೇ ದೊಡ್ಡ ಮರಗಳಿದ್ದರೆ ತುಂಬಿದ ಕೆರೆಯಲ್ಲಿ ಕಡಿಯಲು ಹೋಗಬೇಡಿ. ಬೇಸಿಗೆಯಲ್ಲಿ ನೀರು ತಳಕ್ಕಿಳಿದಾಗ ಕಡಿದು, ಬೇರು ಅಗೆದು ತೆಗೆದು, ಆ ಗುಂಡಿಗೆ ಅರ್ಧ ಅರ್ಧ ಅಡಿ ಮಣ್ಣು ಹಾಕಿ ನೀರು ಚಿಮುಕಿಸಿ ದಮ್ಮಸು ಮಾಡಿಸಿ.